ಹಸಿರು ಅಂಚಿನ ತಟ್ಟೆ

ಹೊಳೆಸಾಲುದೊಡ್ಡಿ, ರಾಮನಗರ
12 ಜುಲೈ 1987

ತಂಗಿ ಮುನಿತಾಯಿಗೆ ಅಣ್ಣ ಲಕ್ಕಯ್ಯನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ, ನೀವೂ ಚೆನ್ನಾಗಿರಬೇಕು ಅಂತ ಬರೆದೇ ಅರ್ಧ ಕಾರ್ಡು ತುಂಬಿಸುತ್ತೇನೆ ಅಂತ ನೀನು ಆಡಿಕೊಳ್ಳುತ್ತೀಯ. ಅದಕ್ಕೇ ಈ ಸಲ ಕಾರ್ಡಲ್ಲ, ಕವರು.

ವಿಷಯ ಇಷ್ಟೇ. ನಮ್ಮ ಆಫೀಸಿಗೆ ಹೊಸ ಇಂಜಿನಿಯರು ಬಂದಿದ್ದಾರೆ. ಹೊಳೆಯ ಮಟ್ಟ ಬರೆದಿಡುವ ನಮ್ಮಂಥವರು ತಮಗೆ ಗೊತ್ತಿರುವುದನ್ನೆಲ್ಲ ಬರೆದು ಕೊಡಬೇಕಂತೆ, ಅರ್ಕಾವತಿಯ ಮೇಲೆ ಒಂದು ಪುಸ್ತಕ ಮಾಡುತ್ತಾರಂತೆ. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಸೇತುವೆ ಕೆಳಗಿನ ಅಳತೆ ಕಂಬ ನೋಡಿ, ನೀರು ಇಷ್ಟು ಅಡಿ ಅಂತ ಬರೆಯುವುದು ಬಿಟ್ಟು ನಾನು ಬೇರೇನೂ ಬರೆದವನಲ್ಲ. ಆದರೂ ಕೂತೆ. ಕೂತರೆ ನಿಲ್ಲಿಸುವುದಕ್ಕೇ ಆಗುತ್ತಿಲ್ಲ.

ನಿನಗೆ ಗೊತ್ತಾ, ನಮ್ಮ ಹೊಳೆ ಹುಟ್ಟುವುದು ನಂದಿಬೆಟ್ಟದ ಕಡೆ. ಅರ್ಕ ಅಂದರೆ ಸೂರ್ಯ, ಅದಕ್ಕೇ ಅರ್ಕಾವತಿ ಅನ್ನುತ್ತಾರೆ. ಬೆಂಗಳೂರಿಗೆ ಮೊದಮೊದಲು ನಲ್ಲಿ ನೀರು ಹೋದದ್ದು ಇದೇ ಹೊಳೆಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ. ಅದು ಸಾಲದೆ ಆಮೇಲೆ ತಿಪ್ಪಗೊಂಡನಹಳ್ಳಿಯಲ್ಲಿ, ಕುಮುದ್ವತಿ ಬಂದು ಸೇರುವ ಕಡೆ, ಇನ್ನೊಂದು ಕಟ್ಟೆ ಕಟ್ಟಿದರು. ಪಟ್ಟಣದವರು ಕುಡಿದು ಮಿಕ್ಕಿದ್ದು ಮಾಗಡಿ ಸೀಮೆಯ ಬಂಡೆಗಳ ಮಧ್ಯೆ ನುಸುಳಿಕೊಂಡು ನಮಗೆ ಬರುತ್ತದೆ. ನಮ್ಮ ಊರಿಗೇ ಎಷ್ಟು ಹೆಸರು ನೋಡು, ಶಂಷೇರಾಬಾದು ಅಂದರು, ಕ್ಲೋಸ್‌ಪೇಟೆ ಅಂದರು, ಈಗ ರಾಮನಗರ. ಹೊಳೆ ಮಾತ್ರ ಹೆಸರು ಬದಲಾಯಿಸಿಕೊಳ್ಳಲಿಲ್ಲ. ಇಲ್ಲಿ ಚರಕ ಇಟ್ಟುಕೊಂಡು ರೇಷ್ಮೆ ನೂಲು ಬಿಚ್ಚುವ ಬದ್ರುನ್ನೀಸಾ ಮೊನ್ನೆ ಹೇಳಿದಳು, "ಬೋರ್ ನೀರಲ್ಲಿ ಗೂಡು ಬೇಯಿಸಿದ್ರೆ ನೂಲು ಬಿರುಸು ಬತ್ತದೆ ಲಕ್ಕಣ್ಣ, ಹೊಳೆ ನೀರಲ್ಲಿ ಮೆತ್ತಗೆ." ಅದನ್ನೂ ಬರೆದುಕೊಂಡೆ.

ನನ್ನ ಕಂಬದಿಂದ ಕೆಳಗಿನ ಹೊಳೆ ನನಗೆ ಗೊತ್ತಿಲ್ಲ. ಅದು ನಿನ್ನದು. ನಿನ್ನ ಹೊಂಗೆಮಡುವಿನಲ್ಲಿ ಹೊಳೆ ಹೇಗಿರುತ್ತೆ, ಏನು ತರುತ್ತೆ, ನಿಮ್ಮತ್ತೆ ಮಾರಮ್ಮನವರಿಗೆ ಏನೇನು ನೆನಪಿದೆ, ಕೇಳಿ ಬರೆ. ನನಗೆ ಗೊತ್ತಿರುವುದು ಒಂದೇ, ಮುಂಗಾರು ನೀರಲ್ಲಿ ಇಲ್ಲಿ ಸಂಜೆ ಬಿಟ್ಟದ್ದು ಬೆಳಿಗ್ಗೆ ನಿಮ್ಮ ಮಡುವಿನಲ್ಲಿರುತ್ತೆ. ನಿನ್ನ ಮದುವೆಯಾದ ಮೊದಲ ವರ್ಷ ಗೌರಿ ಹಬ್ಬದ ಸಂಜೆ ಮುತ್ತುಗದ ಎಲೆ ಮೇಲೆ ಚೆಂಡು ಹೂ ಇಟ್ಟು ತೇಲಿಬಿಟ್ಟಿದ್ದೆನಲ್ಲ. ನೀನು "ಸಿಕ್ಕಿತು" ಅಂತ ಒಂದೇ ಪದದ ಕಾರ್ಡು ಬರೆದಿದ್ದೆ. ಅವತ್ತಿನಿಂದ ಪ್ರತಿ ವರ್ಷ ಬಿಡುತ್ತಿದ್ದೇನೆ, ನೀನು ಪ್ರತಿ ವರ್ಷ ಸಿಕ್ಕಿತು ಅನ್ನುತ್ತಿದ್ದೀಯ. ನಿಜವೋ ಸುಳ್ಳೋ ನಾನು ಕೇಳಿಲ್ಲ.

ಇಲ್ಲಿ ರೇಷ್ಮೆ ಹುಳ ಸೊಪ್ಪು ಬಿಟ್ಟು, ಪೊರೆ ಕಳಚುವ ಮೂರನೇ ಜ್ವರಕ್ಕೆ ಮಲಗಿವೆ, ಅದಕ್ಕೇ ನನಗೆ ಬರೆಯಲು ಪುರುಸೊತ್ತು. ನಿನಗೇನು, ನಿಮ್ಮ ಮನೆ ಹುಳದ ಕೆಲಸವೆಲ್ಲ ಅತ್ತೆಯೇ ಮಾಡುತ್ತಾರಂತೆ, ನೀನು ಹುಳದ ಮನೆ ಕಡೆ ತಲೆಯೇ ಹಾಕುವುದಿಲ್ಲವಂತೆ. ನಮ್ಮ ಮನೆಯಲ್ಲಿ ಯಾರ ಕೈಗೂ ಬಗ್ಗದ ಹುಳ ನಿನ್ನ ಕೈಗೆ ಬಗ್ಗುತ್ತಿದ್ದವು. ಈಗ ದೊಡ್ಡ ಸಾಹುಕಾರ್ತಿ ಆಗಿಬಿಟ್ಟೆ.

ನಿನ್ನ ಅಣ್ಣ
ಲಕ್ಕಯ್ಯ

---

ಹೊಂಗೆಮಡು, ಕನಕಪುರ ತಾಲ್ಲೂಕು
3 ಆಗಸ್ಟ್ 1987

ಅಣ್ಣನಿಗೆ ಮುನಿತಾಯಿ ಮಾಡುವ ನಮಸ್ಕಾರ.

ನಿನ್ನ ಕವರು ಸಿಕ್ಕಿತು. ಇದು ನಿಜವಾಗಿ ಸಿಕ್ಕಿದ್ದು.

ನಮ್ಮ ಹೊಳೆ ನಿನ್ನದರ ಹಾಗಲ್ಲ. ನಮಗಿಂತ ಮೇಲೆ ವೃಷಭಾವತಿ ಬಂದು ಸೇರುತ್ತದೆ. ಅದು ಬೆಂಗಳೂರಿನ ಬಸವಣ್ಣನ ಗುಡಿ ಹತ್ತಿರ ಹುಟ್ಟಿ, ಬಿಡದಿ ಪಕ್ಕ ಬೈರಮಂಗಲದ ಕೆರೆ ತುಂಬಿ ಬರುತ್ತದಂತೆ. ಹುಟ್ಟಿದ್ದು ಬಸವಣ್ಣನ ಪಾದದಲ್ಲಾದರೂ ಈಗೀಗ ತರುವುದು ಪಟ್ಟಣದ ಬಚ್ಚಲು ನೀರು. ಕೆಲವು ದಿನ ಮಡುವಿನ ತುಂಬ ನೊರೆ. ನಾನು ಮದುವೆಯಾಗಿ ಬಂದಾಗ ಮರಳಿನಲ್ಲಿ ಒರತೆ ತೋಡಿದರೆ ಎಳನೀರಿನಂಥ ನೀರು ಬರುತ್ತಿತ್ತು, ಬಿಂದಿಗೆಗೆ ಬಟ್ಟೆಯನ್ನೂ ಕಟ್ಟುತ್ತಿರಲಿಲ್ಲ. ಇಲ್ಲಿಂದ ಮುಂದೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ, ಅಲ್ಲಿಂದ ಮೇಕೆದಾಟು. ಅಷ್ಟು ಅಗಲದ ಹೊಳೆ ಅಲ್ಲಿ ಬಂಡೆ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವ ಹಾಗೆ ಹೋಗುತ್ತದೆ. ಒಂದು ಸಲ ನೋಡಿದ್ದೇನೆ.

ಅತ್ತೆಯನ್ನು ಕೇಳಿದೆ. ಎಲೆ ಅಡಿಕೆ ಹಾಕಿಕೊಂಡು ಜಗಲಿ ಮೇಲೆ ಕೂತು ಹೇಳಿದರು. ಹೇಳಿದ ಹಾಗೇ ಬರೆಯುತ್ತೇನೆ.

"ಹೊಳೆ ಬಂದಾಗ ಏನೇನೋ ಬತ್ತದೆ ಕಣವ್ವ. ಕುಂಬ್ಳಕಾಯಿ ಬತ್ತದೆ, ತೆಂಗಿನಕಾಯಿ ಬತ್ತದೆ, ಒಂದ್ಸಲ ತೊಟ್ಲೇ ಬಂದಿತ್ತು. ಗಂಗಮ್ಮ ಕೊಟ್ಟಿದ್ನ ಬ್ಯಾಡ ಅನ್ಬಾರ್ದು. ಎಪ್ಪತ್ತೊಂಬತ್ನೇ ಇಸ್ವಿ ಶ್ರಾವಣದಲ್ಲಿ ಒಂದು ಹುಳ ಮೇಯ್ಸೋ ಬಿದಿರ್ ತಟ್ಟೆ ಬಂತು, ಅರಿಸಿನ ಕುಂಕುಮ ಇಟ್ಟಿತ್ತು. ಹೊಂಗೆ ಬೇರಿಗೆ ಸಿಕ್ಕಾಕ್ಕೊಂಡಿತ್ತು. ಗಂಗಮ್ಮನ ಪರಸಾದ ಅಂತ ಹುಳಿನ್ ಮನೇಲಿ ಇಟ್ಕಂಡೊ. ಏನ್ ಮಾಡೋದು, ಆ ಸಲದ ಬೆಳೆ ಒಂದು ಹುಳ ಉಳೀದಂಗೆ ಹೋಯ್ತು. ದೇವ್ರು ಕೊಟ್ರೂ ಮನೆ ಹೆಣ್ಣಿನ ಮೈಲಿಗೆ ಉಳಿಸ್ಕಳಾಕೆ ಬುಡ್ಲಿಲ್ಲ."

ಮನೆ ಹೆಣ್ಣು ಅಂದರೆ ನಾನು. ತಿಂಗಳ ಮೂರು ದಿನ ಹೆಂಗಸರು ಹುಳದ ಮನೆಗೆ ಹೋಗಬಾರದು ಅನ್ನುವುದು ನಮ್ಮಲ್ಲೂ ಇತ್ತಲ್ಲ. ನಾನು ಹೋಗಿದ್ದಕ್ಕೇ ಹುಳ ಸತ್ತವು ಅಂತ ಆಯಿತು. ಅವತ್ತಿನಿಂದ ನಾನು ಹುಳದ ಮನೆಯ ಹೊಸಿಲು ದಾಟಿಲ್ಲ. ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಇಟ್ಟು ಬರುತ್ತೇನೆ. ನೀನು ಸಾಹುಕಾರ್ತಿ ಅಂದೆಯಲ್ಲ, ಅದಕ್ಕೆ ಹೇಳಿದೆ. ಬೇರೇನಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತರುತ್ತೀಯಲ್ಲ, ಆಗ ಮಿಕ್ಕಿದ್ದು ಹೇಳುತ್ತೇನೆ.

ನಿನ್ನ ತಂಗಿ
ಮುನಿತಾಯಮ್ಮ

---

ಹೊಳೆಸಾಲುದೊಡ್ಡಿ
22 ಆಗಸ್ಟ್ 1987

ಮುನಿತಾಯಿಗೆ,

ಬಾಗಿನ ಹುಚ್ಚಯ್ಯ ಮಾವನ ಕೈಲಿ ಕಳಿಸಿದ್ದೇನೆ. ಆಫೀಸಿನಲ್ಲಿ ರಜೆ ಇಲ್ಲ. ಹೂವನ್ನೂ ಈ ವರ್ಷ ಬಿಡುತ್ತಿಲ್ಲ, ನೀರು ಕಡಿಮೆ.

ಒಂದು ಮಾತು ಕೇಳಬೇಕು. ಆ ತಟ್ಟೆಯ ಅಂಚು ಹೇಗಿತ್ತು, ನಿನಗೆ ನೆನಪಿದೆಯಾ?

ಲಕ್ಕಯ್ಯ

---

ಹೊಂಗೆಮಡು
9 ಸೆಪ್ಟೆಂಬರ್ 1987

ಅಣ್ಣನಿಗೆ ನಮಸ್ಕಾರ.

ಬಾಗಿನ ತಲುಪಿತು. ಸೀರೆ ಚೆನ್ನಾಗಿದೆ. ಮಾವ ಊಟ ಮಾಡಿಕೊಂಡು ಹೋದರು. ಹದಿನೈದು ವರ್ಷದಲ್ಲಿ ಬಾಗಿನ ನಿನ್ನ ಕೈಯಿಂದ ಬರದೆ ಇದ್ದದ್ದು ಇದೇ ಮೊದಲು. ನೀರು ಕಡಿಮೆ ಅಂತ ಬರೆದಿದ್ದೀಯ. ಇಲ್ಲಿ ಮಡು ತುಂಬಿ ಮೆಟ್ಟಿಲು ಮುಳುಗಿದೆ. ಮಟ್ಟ ಅಳೆಯುವವನಿಗೆ ಸುಳ್ಳು ಹೇಳಲು ಬೇರೆ ಏನೂ ಸಿಗಲಿಲ್ಲವಾ?

ತಟ್ಟೆ ಅಂಚು ನೆನಪಿಲ್ಲ. ಎಷ್ಟೋ ವರ್ಷ ಆಯಿತು. ಅದನ್ನು ಬಿಡು, ಪುಸ್ತಕಕ್ಕೆ ಬೇರೆ ಏನಾದರೂ ಬೇಕಾದರೆ ಕೇಳು.

ಮುನಿತಾಯಮ್ಮ

---

ಹೊಳೆಸಾಲುದೊಡ್ಡಿ
18 ಅಕ್ಟೋಬರ್ 1987

ಮುನಿತಾಯಿ,

ನೀನು ಬೈದದ್ದು ಸರಿ. ಸುಳ್ಳು ಹೇಳಿದೆ. ಈಗ ನಿಜ ಬರೆಯುತ್ತೇನೆ, ಪೂರ್ತಿ ಓದು.

ನಿನ್ನ ಆಗಸ್ಟ್ ಕಾಗದ ಬಂದ ದಿನವೇ ಆಫೀಸಿಗೆ ಹೋಗಿ ಎಪ್ಪತ್ತೊಂಬತ್ತರ ಮಟ್ಟದ ಪುಸ್ತಕ ತೆಗೆಸಿದೆ. ಆಗಸ್ಟ್ ಒಂಬತ್ತು, ಮೂರು ಅಡಿ. ಆಗಸ್ಟ್ ಹತ್ತು, ಬೆಳಿಗ್ಗೆ ನಾಲ್ಕು ಅಡಿ, ಸಂಜೆ ಏಳು ಅಡಿ. ಷರಾ ಅಂತ ಇರುವ ಕಡೆ ನನ್ನದೇ ಅಕ್ಷರದಲ್ಲಿ "ಮೇಲೆ ಮಳೆ, ನೀರು ಕೆಂಪು" ಅಂತಿದೆ. ಆ ಸಂಜೆ ಕಂಬದ ಹತ್ತಿರ ನಾನು ಅಳತೆ ನೋಡುವುದಕ್ಕೆ ಮಾತ್ರ ಹೋಗಿರಲಿಲ್ಲ. ತಲೆ ಮೇಲೆ ತಟ್ಟೆ ಹೊತ್ತಿದ್ದೆ.

ಆ ವರ್ಷ ನಮ್ಮ ಹುಳಕ್ಕೆ ಹಾಲುತೊಂಡೆ ರೋಗ ಬಂದಿತ್ತು. ಮೈ ಊದಿಕೊಂಡು, ಮುಟ್ಟಿದರೆ ಒಡೆದು ಬಿಳಿ ನೀರು. ರೇಷ್ಮೆ ಇಲಾಖೆಯವರು ಬಂದು, ಎಲ್ಲ ಸುಟ್ಟುಬಿಡಿ, ಆ ತಟ್ಟೆಗಳನ್ನೂ ಸುಡಿ ಅಂತ ಹೇಳಿ ಹೋದರು. ನಮ್ಮವ್ವ ಒಪ್ಪುತ್ತಾಳೆಯೇ. "ಮಕ್ಳಂಗೆ ಸಾಕಿದ್ ಹುಳವ ಬೆಂಕಿಗೆ ಹಾಕ್ತಾರೇನ್ಲಾ? ಗಂಗಮ್ಮನ ಮಡ್ಲಿಗೆ ಹಾಕು" ಅಂದಳು. ಹಿಂದಿನಿಂದಲೂ ನಮ್ಮ ಮನೆಯಲ್ಲಿ ಸತ್ತ ಹುಳ ಹೊಳೆಗೇ ಬಿಡುತ್ತಿದ್ದದ್ದು ನಿನಗೂ ಗೊತ್ತು. ಬದ್ರುನ್ನೀಸಾ ಅದನ್ನು ಕೇಳಿ, "ಗೂಡು ಬೇಯಿಸೋ ನನಗೆ ಹಂಗಾದ್ರೆ ಯಾವ ಗತಿ?" ಅಂತ ನಕ್ಕಿದ್ದಳು. ಮಿಕ್ಕ ತಟ್ಟೆ ಸುಟ್ಟೆ. ಒಂದು ತಟ್ಟೆಯ ತುಂಬ ಹುಳ ಹಾಕಿ, ಅವ್ವ ಅರಿಸಿನ ಕುಂಕುಮ ಇಟ್ಟಳು, ನಾನು ಒಯ್ದು ಬಿಟ್ಟೆ.

ಬೇಕಂತಲೇ ಒಳ್ಳೆ ತಟ್ಟೆ ಆರಿಸಿಕೊಂಡೆ. ದೇವರಿಗೆ ಕೊಡುವಾಗ ಹಳೆಯದು ಕೊಡಬಾರದು ಅಂತ. ನೀನು ಮದುವೆಗೆ ಮುಂಚೆ, ಅಂಚು ಬಿಚ್ಚಿಕೊಂಡಿದ್ದ ತಟ್ಟೆಗೆ ನಿನ್ನ ಹಸಿರು ಲಂಗದ ಅಂಚು ಹರಿದು ಸುತ್ತಿದ್ದೆಯಲ್ಲ, ಅದು. ಎಲ್ಲದಕ್ಕಿಂತ ಗಟ್ಟಿಯಾಗಿ ಉಳಿದದ್ದು ಅದೇ.

ನೀರು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತೆ ಅನ್ನುವುದು ಈ ಜಿಲ್ಲೆಯಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಹೂ ಬಿಟ್ಟಾಗ ತಲುಪುತ್ತೆ ಅಂದುಕೊಂಡೆ, ತಟ್ಟೆ ಬಿಟ್ಟಾಗ ಹೋಗುತ್ತೆ ಅಂದುಕೊಂಡೆ. ಹೊಳೆ ಎರಡಕ್ಕೂ ಒಂದೇ.

ಎಂಟು ವರ್ಷ ನೀನು ಬಾಗಿಲಲ್ಲಿ ನಿಂತೆ. ನಾನು ಅದನ್ನೇ ಇಟ್ಟುಕೊಂಡು ತಮಾಷೆ ಮಾಡಿದೆ. ನಿಮ್ಮತ್ತೆಗೆ ನಾನೇ ಬಂದು ಹೇಳುತ್ತೇನೆ. ನೀನು ಹೂಂ ಅಂದರೆ ಸಾಕು.

ನಿನ್ನ ಅಣ್ಣ
ಲಕ್ಕಯ್ಯ

---

ಹೊಂಗೆಮಡು
2 ನವೆಂಬರ್ 1987

ಅಣ್ಣನಿಗೆ ನಮಸ್ಕಾರ.

ನಾನು ಹೂಂ ಅನ್ನುವುದಿಲ್ಲ. ಬರಬೇಡ.

ನನಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಮಡುವಿಗೆ ನೀರಿಗೆ ಹೋದವಳು ನಾನು, ಹೊಂಗೆ ಬೇರಿನಲ್ಲಿ ತಟ್ಟೆ ಮೊದಲು ನೋಡಿದವಳೂ ನಾನೇ. ಹುಳ ಎಲ್ಲ ನೀರಲ್ಲಿ ಕೊಚ್ಚಿಹೋಗಿ ಬರೀ ತಟ್ಟೆ ಇತ್ತು. ಹಸಿರು ಅಂಚು ನೋಡಿದೆ. ಅರಿಸಿನ ಕುಂಕುಮ ನೋಡಿದೆ. ಅಣ್ಣ ಈ ಸಲ ಗೌರಿ ಹಬ್ಬಕ್ಕೆ ಮುಂಚೆಯೇ ಕಳಿಸಿದ್ದಾನೆ, ಹೂವಿನ ಬದಲು ನನ್ನ ತಟ್ಟೆಯನ್ನೇ ಕಳಿಸಿದ್ದಾನೆ ಅಂತ ತಿಳಿದೆ. ಎಷ್ಟು ಹಿಗ್ಗಿದೆ ಅಂದರೆ ಬಿಂದಿಗೆ ಅಲ್ಲೇ ಬಿಟ್ಟು ತಟ್ಟೆ ಎತ್ತಿಕೊಂಡು ಓಡಿಬಂದೆ. ಅತ್ತೆ ಪ್ರಸಾದ ಅಂದರು, ನಾನು ಮಾತಾಡಲಿಲ್ಲ. ತವರಿಂದ ಬಂದದ್ದು ಅನ್ನುವ ಗುಟ್ಟು ನನ್ನೊಬ್ಬಳಿಗೇ ಇರಲಿ ಅನ್ನಿಸಿತು. ಒರೆಸಿ ಒಣಗಿಸಿ ಹುಳದ ಮನೆಗೆ ಒಯ್ದು ಇಟ್ಟವಳು ನಾನು. ನಾಲ್ಕನೇ ಜ್ವರ ಎದ್ದ ಹುಳಗಳನ್ನು ಅದಕ್ಕೆ ನನ್ನ ಕೈಯಾರೆ ಹಾಕಿದೆ.

ಒಂದು ವಾರಕ್ಕೆ ಹುಳ ಊದಿಕೊಂಡವು. ಮೊದಲು ಆ ತಟ್ಟೆಯಲ್ಲಿ, ಆಮೇಲೆ ಎಲ್ಲದರಲ್ಲೂ. ಆಗ ತಿಳಿಯಿತು, ಅದು ಬಾಗಿನ ಅಲ್ಲ ಅಂತ. ನಮ್ಮವ್ವ ಸತ್ತ ಹುಳ ಹೊಳೆಗೆ ಬಿಡುತ್ತಿದ್ದದ್ದು ನನಗೇನು ಮರೆತಿತ್ತೇ. ಹಿಗ್ಗಿನಲ್ಲಿ ಹೊಳೆಯಲಿಲ್ಲ, ಅಷ್ಟೆ.

ಅತ್ತೆ ಕೇಳಿದರು, "ಹೊರಗಾಗಿರೋ ದಿನ ಒಳಕ್ ಬಂದಿದ್ಯಾ?" ಅಂತ. ನಿನ್ನ ಭಾವ ಚಿಕ್ಕಹನುಮಯ್ಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಇಲ್ಲ ಅಂದರೆ ಮತ್ತೆ ಹೇಗೆ ಅಂತ ಹುಡುಕುತ್ತಾರೆ, ಹುಡುಕಿದರೆ ತಟ್ಟೆ, ತಟ್ಟೆ ಅಂದರೆ ನೀನು. ಆಮೇಲೆ ನಮ್ಮ ಮನೆಗೂ ಈ ಮನೆಗೂ ಹೋಗಿಬರುವುದು ಇರುತ್ತಿರಲಿಲ್ಲ. ಹೂಂ ಅಂದೆ. ಒಂದೇ ಸಲ ಅಂದದ್ದು, ಎಂಟು ವರ್ಷ ನಡೆಯಿತು.

ನನಗೆ ಹುಳದ ಮೇಲಿನ ಆಸೆ ಹೋಗಿಲ್ಲ. ಬಾಗಿಲಲ್ಲಿ ಸೊಪ್ಪು ಇಟ್ಟು ಒಂದು ಗಳಿಗೆ ಕಿವಿ ಕೊಟ್ಟು ನಿಲ್ಲುತ್ತೇನೆ. ಮೇಯುವ ಸದ್ದಿನಲ್ಲೇ ಹುಳ ಎಷ್ಟು ದಿನದ್ದು ಅಂತ ಹೇಳಬಲ್ಲೆ. ಆದರೂ ಈಗ ಎತ್ತಬೇಡ. ಅತ್ತೆಗೆ ಎಪ್ಪತ್ತು ದಾಟಿದೆ. ಇಷ್ಟು ವರ್ಷ ನಂಬಿದ್ದು ಸುಳ್ಳು ಅಂತ ಆದರೆ ಅವರು ನಿನ್ನನ್ನು ಬಿಡುವುದಿಲ್ಲ, ನನ್ನನ್ನೂ ಬಿಡುವುದಿಲ್ಲ. ನನಗೆ ನೀನು ವರ್ಷಕ್ಕೊಂದು ಸಲ ಬಾಗಿನ ಹಿಡಿದು ಬಂದರೆ ಸಾಕು.

ಕಾಗದ ಒಲೆಗೆ ಹಾಕು.

ಮುನಿತಾಯಮ್ಮ

---

(ಕಾರ್ಡು)
ರಾಮನಗರ, 9 ನವೆಂಬರ್ 1987

ಮುನಿತಾಯಿಗೆ. ನೀನು ಹೂಂ ಅಂದದ್ದು ಒಂದು ಸಲ ಸಾಕು, ಇನ್ನೊಂದು ಸಲ ಕೇಳುವುದಿಲ್ಲ. ಭಾನುವಾರ ಹದಿನೈದು, ಮೊದಲ ಬಸ್ಸಿಗೆ ಬರುತ್ತೇನೆ. ಅತ್ತೆಯವರಿಗೆ ತಿಳಿಸು. ಕಾಗದ ಒಲೆಗೆ ಹಾಕಿಲ್ಲ. – ಲಕ್ಕಯ್ಯ

---

ಹೊಂಗೆಮಡು
18 ಡಿಸೆಂಬರ್ 1987

ಅಣ್ಣನಿಗೆ ಮುನಿತಾಯಿಯ ನಮಸ್ಕಾರ.

ನೀನು ಬಂದು ಹೋಗಿ ತಿಂಗಳಾಯಿತು. ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಕೆಲಸ ಕೆಡಿಸಿಬುಟ್ನೇನೋ ಕಣಮ್ಮ" ಅಂದೆಯಲ್ಲ, ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ನೀನು ನಡುಮನೆಯಲ್ಲಿ ನಿಂತು ಎಲ್ಲ ಹೇಳಿದೆ. ಅತ್ತೆ ಅಟ್ಟದ ಮೇಲಿಂದ ತಟ್ಟೆ ಇಳಿಸಿದರು. ಗಂಗಮ್ಮ ಕೊಟ್ಟದ್ದು ಅಂತ ಎಂಟು ವರ್ಷ ಎಸೆದಿರಲಿಲ್ಲ. ನೀನು ಹಸಿರು ಅಂಚು ಮುಟ್ಟಿ ತೋರಿಸಿದೆ. ಅವರು "ಧೂಳಲ್ಲಿ ಬಂದಿದ್ದೀಯ, ಮೀಯೋಗಪ್ಪ" ಅಂದರು, ಅಷ್ಟೆ. ಅಲ್ಲಿವರೆಗೆ ನಿನಗೆ ಗೊತ್ತು. ನೀನು ಬಟ್ಟೆ ಬದಲಾಯಿಸಲು ಹೋದಾಗ ಅವರು ಹಿತ್ತಲಿಗೆ ಬಂದು, ಆ ತಟ್ಟೆಯನ್ನು ಮೊಣಕಾಲಿಗೆ ಇಟ್ಟು ನಾಲ್ಕು ಸಲ ಮುರಿದು, ತಾವೇ ನೀರೊಲೆಗೆ ತುರುಕಿದರು. ನೀನು ಮಿಂದ ಬಿಸಿನೀರು ಅದರದ್ದೇ. "ಆವತ್ತೇ ಮಾಡ್ಬೇಕಾಗಿತ್ತು" ಅಂದರು. ನಿನ್ನ ಬಗ್ಗೆಯೋ, ತಮ್ಮ ಬಗ್ಗೆಯೋ, ನನಗೆ ತಿಳಿಯಲಿಲ್ಲ. ಆಮೇಲೆ ಬೆಂಕಿ ನೋಡುತ್ತಲೇ ಕೇಳಿದರು, "ನೀನ್ಯಾಕ್ ಹೂಂ ಅಂದೆ?"

"ತವರು ಕಳ್ಕಬೇಕಾಗ್ತಿತ್ತು" ಅಂದೆ.

ಅತ್ತೆ "ಅರಿಸಿನ ಕುಂಕುಮ ನೋಡಿ ಮೋಸ ಹೋದೆ. ನಿನ್ ಬಾಯಿ ನಂಬಿನೂ ಮೋಸ ಹೋದೆ" ಅಂದು ಎದ್ದು ಹೋದರು. ಅಷ್ಟಾದ ಮೇಲೆ ಹದಿನೈದು ದಿನ ನನ್ನ ಹತ್ತಿರ ಸರಿಯಾಗಿ ಮಾತಿಲ್ಲ. ನಾನು ಸೊಪ್ಪು ತಂದು ಬಾಗಿಲಲ್ಲಿ ಇಡುವುದು, ಅವರು ಎತ್ತಿಕೊಳ್ಳುವುದು. ನೀನು ಕೆಡಿಸಿದೆ ಅಂತ ನಾನೂ ಅಂದುಕೊಂಡೆ. ನಿನ್ನ ಮೇಲೆ ಸಿಟ್ಟೂ ಬಂತು.

ಮುಂದಿನದು ಅಣ್ಣನಿಗೆ ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ. ಡಿಸೆಂಬರ್ ಒಂದನೇ ತಾರೀಖು ನಾನು ಹೊರಗಾಗಿದ್ದೆ. ಎರಡನೇ ದಿನ. ಸೊಪ್ಪು ಮುಟ್ಟದೆ, ಜಗಲಿ ತುದಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಹುಳದ ಮನೆ ಬಾಗಿಲು ತೆರೆದು ಅತ್ತೆ ಕೂಗಿದರು.

"ಅಲ್ಲೇನ್ ಮಾಡ್ತಿದ್ದೀಯೆ? ಹುಳ ನಾಕ್ನೇ ಜ್ವರ ಎದ್ದವೆ, ನನ್ ಕೈಯೊಂದೇ ಸಾಲ್ತಿಲ್ಲ. ಕಾಲ್ ತೊಳ್ಕಂಡ್ ಬಾ."

"ಅತ್ತೆ, ನಾನು ಹೊರಗಾಗಿದ್ದೀನಿ" ಅಂದೆ.

"ಗೊತ್ತು ಕಣವ್ವ. ನಾನೇನ್ ಕುರುಡಿಯಾ. ಒಳಕ್ ಬಾ, ಸೊಪ್ಪು ಬಾಡ್ತದೆ."

ಕಾಲು ತೊಳೆದೆ. ಹೊಸಿಲ ಹತ್ತಿರ ಬಂದು ನಿಂತೇ ಇದ್ದೆ, ಕಾಲು ಎತ್ತುವುದಕ್ಕೆ ಆಗಲಿಲ್ಲ. ಅತ್ತೆ ನನ್ನ ಕೈ ಹಿಡಿದು ಎಳೆದುಕೊಂಡರು. ಒಳಗೆ ಏನೂ ಬದಲಾಗಿರಲಿಲ್ಲ. ಅದೇ ತಟ್ಟೆಗಳ ಸಾಲು, ಅದೇ ಸುಣ್ಣದ ವಾಸನೆ. ನಾನು ಅತ್ತುಬಿಟ್ಟೆ, ಅವರು ಹಿಂದಿರುಗಿ ನೋಡಲಿಲ್ಲ. ಸೊಪ್ಪಿನ ಕುಕ್ಕೆ ನನ್ನ ಕಡೆ ಸರಿಸಿದರು. ಅವತ್ತು ನಲವತ್ತು ತಟ್ಟೆಗೂ ನಾನೇ ಸೊಪ್ಪು ಹಾಕಿದೆ.

ಒಂದು ಹುಳವೂ ಸಾಯಲಿಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ. ಸತ್ತವು, ಎಲ್ಲ ಬೆಳೆಯಲ್ಲೂ ಸಾಯುವಷ್ಟು. ಸತ್ತವನ್ನು ಅತ್ತೆ ದಿನಾ ಎಣಿಸಿ ಒಲೆಗೆ ಹಾಕುತ್ತಿದ್ದರು. ಮಿಕ್ಕವೆಲ್ಲ ಹಣ್ಣಾಗಿ ಗೂಡು ಕಟ್ಟಿದವು. ಮೊನ್ನೆ ಬಿಡಿಸಿದೆವು. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗಿ ಸದ್ದು ಬರುವ ಗೂಡು.

ಇಂಜಿನಿಯರಿಗೆ ಬರೆದು ಕೊಟ್ಟೆಯಾ? ಕೊಟ್ಟಿಲ್ಲದಿದ್ದರೆ, ಸಂಜೆ ನಿನ್ನ ಕಂಬ ದಾಟಿದ ನೀರು ಬೆಳಿಗ್ಗೆ ಹೊಂಗೆಮಡು ಮುಟ್ಟುತ್ತದೆ ಅನ್ನುವುದನ್ನು ಮರೆಯದೆ ಬರೆ. ಮಡುವಿನಲ್ಲಿ ಜನ ಇದ್ದಾರೆ ಅಂತಲೂ ಬರೆ.

ಹೂವಿನ ವಿಷಯ. ಮೊದಲ ವರ್ಷ ಒಂದೇ ಸಲ ನಿಜವಾಗಿ ಸಿಕ್ಕಿದ್ದು. ಆಮೇಲಿನದೆಲ್ಲ ಸುಳ್ಳು. ಪ್ರತಿ ವರ್ಷ ಬೆಳಿಗ್ಗೆ ಹೋಗಿ ಹೊಂಗೆ ಬೇರಿನಲ್ಲಿ ಹುಡುಕಿದ್ದು ಮಾತ್ರ ನಿಜ. ಮುಂದಿನ ಗೌರಿಗೆ ಮತ್ತೆ ಬಿಡು, ಹುಡುಕುತ್ತೇನೆ.

ನಮ್ಮ ಕಡೆಯಿಂದ ನಿನಗೆ ಏನಾದರೂ ಕಳಿಸೋಣ ಅಂದರೆ ಹೊಳೆ ಮೇಲಕ್ಕೆ ಹರಿಯುವುದಿಲ್ಲ. ಅದಕ್ಕೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಸಣ್ಣ ಗಂಟು ಕೊಟ್ಟಿದ್ದೇನೆ, ಸ್ಟ್ಯಾಂಡಿಗೆ ಬಂದು ಇಸಿದುಕೋ. ಒಳಗೆ ಹನ್ನೊಂದು ಗೂಡಿವೆ. ಆರಿಸಿ ಕೊಟ್ಟವರು ಅತ್ತೆ. ಮೇಲೆ ಅರಿಸಿನ ಕುಂಕುಮ ಇಟ್ಟಿಲ್ಲ, ಬೇಡ ಅಂದರು.

ಕಾಗದದ ಮೂಲೆಯಲ್ಲಿ ಹಸಿರು ಕಲೆ ಇದೆ, ಸೊಪ್ಪು ಹಾಕಿದ ಕೈಯಲ್ಲೇ ಬರೆದೆ. ಒರೆಸಬೇಡ.

ನಿನ್ನ ತಂಗಿ
ಮುನಿತಾಯಮ್ಮ